ಟಪಾಸ್ ಪಾಲಮ್ಮನ ಎರಡನೇ ಸೌಟು

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುವ ಹೊತ್ತಿಗೇ ಪಾಲಮ್ಮನವರ ಬೆಳ್ಳುಳ್ಳಿ ಒಗ್ಗರಣೆಯ ಘಮ ಐಮಂಗಲ ದಾಟಿ ಚಿತ್ರದುರ್ಗದ ಕಡೆಗೆ ಹೊರಟಿರುತ್ತದೆ. ಹೆದ್ದಾರಿಯ ಲಾರಿಗಳು ತಾವಾಗಿಯೇ ಬ್ರೇಕ್ ಹಾಕಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿರಿಯೂರು ದಾಟಿದ ಮೇಲೆ ಸಿಗುವ ‘ಸೆವಿಲ್ಲಾ ಗಾರ್ಡನ್’ ಹೋಟೆಲಿನ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಅವರು ಕೈಮ ಉಂಡೆ ಕಟ್ಟುತ್ತಿದ್ದಾರೆ. ವಾರದ ಉಂಡೆಗಳನ್ನು ಸಾಲಾಗಿ ಇಟ್ಟರೆ ದುರ್ಗದ ಏಳುಸುತ್ತಿನ ಕೋಟೆಗೆ ಎಂಟನೇ ಸುತ್ತು ಹಾಕಬಹುದು.

ಇಲ್ಲಿ ಸಿಗುವುದು ಟಪಾಸ್. ಸ್ಪೇನ್ ದೇಶದವರು ಗೆಳೆಯರ ಗುಂಪು ಕಟ್ಟಿಕೊಂಡು, ಪುಟ್ಟ ತಟ್ಟೆಗಳಲ್ಲಿ ಬಗೆಬಗೆಯ ತಿನಿಸು ತರಿಸಿ ಹಂಚಿ ತಿನ್ನುತ್ತಾರಲ್ಲ, ಅದು. ಪಾಲಮ್ಮ ಕುರಿ ಸಾಕುವ ಮನೆಯವರು. ಗಂಡ ಯತ್ತಪ್ಪ ವರ್ಷದಲ್ಲಿ ಅರ್ಧಕಾಲ ಮಂದೆಯ ಹಿಂದೆಯೇ ಇರುತ್ತಾರೆ. ಹಟ್ಟಿಯಲ್ಲಿ ಉಣ್ಣೆ ಕತ್ತರಿಸುವವರಿಗೆಲ್ಲ ಅಡುಗೆ ಮಾಡಿ ಹಾಕುತ್ತಿದ್ದ ಕೈಗೆ ಹೋಟೆಲ್ ಮಾಲೀಕ ಚೇತನ್‌ಕುಮಾರ್ ಫೋನಿನಲ್ಲಿ ಸ್ಪೇನಿನ ವಿಡಿಯೊ ತೋರಿಸಿದರು.

“ಮಾತು ಒಂದೂ ತಿಳೀಲಿಲ್ಲ ಅಣ್ಣ. ಕೈ ನೋಡ್ಕಂಡೆ. ಉಪ್ಪು ಖಾರ ನಮ್ದೇ ಹಾಕ್ದೆ,” ಎನ್ನುತ್ತಾರೆ ಪಾಲಮ್ಮ, ಎಣ್ಣೆ ಸಿಡಿದು ಕಲೆಗಟ್ಟಿದ ಮುಂಗೈ ಸೆರಗಿಗೆ ಒರೆಸಿಕೊಳ್ಳುತ್ತ.

ನಿನ್ನೆ ಭಾನುವಾರ ಮಧ್ಯಾಹ್ನ ಗೆಳೆಯರೊಂದಿಗೆ ಇಲ್ಲಿ ಉಂಡ ನಾನು ಇವತ್ತು ಸೋಮವಾರ ನಸುಕಿಗೇ ಓಡಿ ಬರಲು ಕಾರಣ ಹಸಿವಲ್ಲ, ಸಿಟ್ಟು. ಜಿಲ್ಲೆಯಲ್ಲಿ ನಾನು ಉಣ್ಣದ ಹೋಟೆಲಿಲ್ಲ, ಆದರೆ ಇಂಥ ಉಂಡೆ ನನ್ನ ನಾಲಿಗೆಗೂ ಹೊಸದು. ನಿನ್ನೆ ಜೊತೆಗಿದ್ದ ಕರಿಯಣ್ಣ ಬಾಯಿಗೆ ಒಂದು ಹಾಕಿಕೊಂಡವನು ತಟ್ಟೆ ಬಳಿದೇ ತಲೆ ಎತ್ತಿದ. ಇನ್ನೊಬ್ಬ ಗೆಳೆಯ, ಹೊಳಲ್ಕೆರೆ ಮಂಡಿಯ ಅಡಿಕೆ ವ್ಯಾಪಾರಿ ಮರುಳಸಿದ್ದಪ್ಪ, ತನ್ನ ಆಲೂಗಡ್ಡೆ ತಟ್ಟೆಯನ್ನು ಬೆಳಕಿಗೆ ಹಿಡಿದು, “ಮಾದರಿ ಚೆನ್ನಾಗೈತಪ್ಪ, ಚೀಲ ಯಾವಾಗ ಇಳಿಸ್ತೀರಿ?” ಎಂದು ಕೇಳಿದ.

ಆ ಮಾತು ಒಳಗೆ ಕೇಳಿತೋ ಏನೋ, ಬಾಗಿಲು ತಳ್ಳಿಕೊಂಡು ಪಾಲಮ್ಮ ಹೊರಗೆ ಬಂದರು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು. ಕೇಳದೆಯೇ ಕರಿಯಣ್ಣನ ತಟ್ಟೆಗೆ ಮತ್ತೊಂದು ಸೌಟು ಉಂಡೆ ಹಾಕಿ, “ಉಣ್ರಪ್ಪ. ನಮ್ಮ ಹಟ್ಟೀಲಿ ಯಾರಿಗೂ ಒಂದೇ ಸಲ ನೀಡಿ ಎಬ್ಬಿಸಂಗಿಲ್ಲ,” ಎಂದರು.

ಚೇತನ್‌ಕುಮಾರ್ ಬಾಣದಂತೆ ಬಂದರು. ಪಾತ್ರೆ ಕಿತ್ತುಕೊಂಡು, ನಮ್ಮತ್ತ ಹಲ್ಲು ಬಿಟ್ಟು, “ತಪ್ಪು ತಿಳ್ಕಬೇಡ್ರಿ ಸಾರ್. ಇವಳು ಪಾತ್ರೆ ತೊಳೆಯೋಳು, ಟಪಾಸ್ ಅಂದ್ರೆ ಏನು ಗೊತ್ತು?” ಎಂದರು.

ಪಾತ್ರೆ ತೊಳೆಯುವುದೂ ಮರ್ಯಾದೆಯ ಕೆಲಸವೇ. ಆದರೆ ಮಾಲೀಕರು ಆಡಿದ್ದು ಹಸಿ ಸುಳ್ಳು, ಅದೂ ಪಾಲಮ್ಮನ ಕೈಯಡುಗೆಯ ಎದುರಿಗೇ. ಬಾಗಿಲಲ್ಲಿ ಬಿಳಿ ಟೋಪಿಯ ಪರದೇಶಿಯೊಬ್ಬನ ಫೋಟೊ ತೂಗುಹಾಕಿ ‘ನಮ್ಮ ಬಾಣಸಿಗರು’ ಎಂದು ಬರೆಸಿದ್ದಾರೆ. ಆ ಪುಣ್ಯಾತ್ಮ ಹಿರಿಯೂರಿನ ಧೂಳನ್ನೂ ಕಂಡವನಲ್ಲ. ಪಾಲಮ್ಮ ಹೊರಗೆ ಬಂದರೆ ಫೋಟೊದ ಬಂಡವಾಳ ಬಯಲಾಗುತ್ತದೆ, ಅದಕ್ಕೇ ಅವರಿಗೆ ಬಾಗಿಲು ದಾಟಲು ಅಪ್ಪಣೆಯಿಲ್ಲ. ಇನ್ನೊಮ್ಮೆ ದಾಟಿದರೆ ಕೆಲಸವಿಲ್ಲ ಎಂದೂ ಮಾಲೀಕರು ನಿನ್ನೆಯೇ ಹೇಳಿಬಿಟ್ಟರಂತೆ. ಮರುಳಸಿದ್ದಪ್ಪ ತಟ್ಟೆ ನೂಕಿ ಎದ್ದ. ನನಗೆ ಬಂದ ಕೋಪಕ್ಕೆ ವಾಣಿವಿಲಾಸ ಸಾಗರ ಕುದಿಯಬೇಕಿತ್ತು.

“ಬೈದಿದ್ದು ಇರ್ಲಿ ಅಣ್ಣ, ಬೈಗುಳ ಕೇಳದೆ ಯಾರು ದುಡಿದವ್ರೆ,” ಎನ್ನುತ್ತಾರೆ ಪಾಲಮ್ಮ ಈಗ. “ಉಣ್ಣೋರ ಮುಂದಿಂದ ಪಾತ್ರೆ ಕಿತ್ಕಂಡ್ರಲ್ಲ, ಅದು ನಿದ್ದೆ ಕೊಡ್ಲಿಲ್ಲ.”

ಅಷ್ಟರಲ್ಲಿ ಚೇತನ್‌ಕುಮಾರ್ ಬೈಕ್ ನಿಲ್ಲಿಸಿ ಒಳಗೆ ಬರುತ್ತಾರೆ. ನನ್ನನ್ನು ಕಂಡು ಮುಖ ಹಾಗಲಕಾಯಿ. “ಪಾಲಮ್ಮ, ಮಧ್ಯಾಹ್ನ ಮದ್ವೆ ಮಾತುಕತೆಯೋರು ಬರ್ತಾರೆ, ದೊಡ್ಡ ಗುಂಪು. ನೀನು ಒಳಗೇ ಇರ್ಬೇಕು.”

ಪಾಲಮ್ಮ ಕಟ್ಟುತ್ತಿದ್ದ ಉಂಡೆಯನ್ನು ಬೋಗುಣಿಗೆ ಬಿಡುತ್ತಾರೆ. ಕೈ ತೊಳೆದುಕೊಂಡು ಹೊಸಿಲ ಮೇಲೆ ಕೂರುತ್ತಾರೆ.

“ಏನಮ್ಮ ಇದು?”

“ಪಾತ್ರೆ ತೊಳೆಯೋಳು ಅಂದ್ರಲ್ಲ ಚೇತಣ್ಣ. ಪಾತ್ರೆ ಎಲ್ಲೈತೆ ತಗಂಬರ್ರಿ, ತೊಳೀತೀನಿ.”

ಚೇತನ್‌ಕುಮಾರ್ ಬೋಗುಣಿ ನೋಡುತ್ತಾರೆ, ಒಲೆ ನೋಡುತ್ತಾರೆ. ಕೈ ಹಚ್ಚಿ ಒಂದು ಉಂಡೆ ಕಟ್ಟಲು ಹೋಗುತ್ತಾರೆ. ಅದು ಬೆರಳ ಸಂದಿಯಲ್ಲೇ ಒಡೆದು ಉದುರುತ್ತದೆ. ನಾನು ಸಹಾಯಕ್ಕೆ ಹೋಗುವುದಿಲ್ಲ. ಈ ಜನ್ಮದಲ್ಲಿ ಇಷ್ಟು ಖುಷಿಯಿಂದ ಸುಮ್ಮನೆ ನಿಂತದ್ದಿಲ್ಲ.

“ಆಯ್ತು, ಹೊರಗೆ ಬಾ,” ಎನ್ನುತ್ತಾರೆ ಕೊನೆಗೆ, ಹಲ್ಲು ಕಚ್ಚಿ. “ಆದ್ರೆ ಎಲ್ರಿಗೂ ಎರಡೆರಡು ಸಲ ಬಡಿಸ್ತಾ ಕೂತ್ರೆ ಹೋಟ್ಲು ನಡೆಯಲ್ಲ. ಒಂದ್ಸಲ ಸಾಕು.”

ಪಾಲಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೋಗುಣಿಯನ್ನು ಅವರ ಮುಂದಿನಿಂದ ತೆಗೆದುಕೊಳ್ಳುತ್ತಾರೆ.

“ಸಾಕು ಅನ್ನೋ ಮಾತು ಉಣ್ಣೋರು ಹೇಳ್ಬೇಕು ಚೇತಣ್ಣ. ನೀವಲ್ಲ.”