ಬಯೋಸ್ಕೋಪಿನ ದೆವ್ವಕ್ಕೆ ಅಜ್ಜನ ದನಿ

ನನಗೆ ದೆವ್ವಗಳೆಂದರೆ ಪ್ರಾಣ. ಮಡಿಕೇರಿಯ ನನ್ನ ಕಚೇರಿಯಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಲ್ಲಿ ನಾನು ದಿನವಿಡೀ ಅರ್ಜಿಗಳ ನಕಲು ತೆಗೆಯುವ ಗಂಭೀರ ಗುಮಾಸ್ತ. ಮನೆಯಲ್ಲೂ ಹೇಳುವ ಹಾಗಿಲ್ಲ, ಮದುವೆಯ ವಯಸ್ಸಿನ ಹುಡುಗನ ಬಗ್ಗೆ ಅಂಥ ಸುದ್ದಿ ಹಬ್ಬಿದರೆ ಹೆಣ್ಣು ಕೊಡುವವರು ಯಾರು? ಹಾಗಾಗಿ ನಿಮ್ಮ ಕಿವಿಯಲ್ಲಿ ಹೇಳುತ್ತಿದ್ದೇನೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಹೆದರಿಕೆ. ಬೆನ್ನಹುರಿಯಲ್ಲಿ ಆ ತಣ್ಣನೆಯ ಇರುವೆ ಸಾಲು ಹರಿಯದ ವಾರ ನನಗೆ ಊಟ ರುಚಿಸುವುದಿಲ್ಲ.

ಇನ್ನೊಂದು ಚಟವೂ ಇದೆ, ಅದು ಊರಿಗೆಲ್ಲ ಗೊತ್ತಿದೆ. ಹಗಲು ಕಾಗದ ನಕಲು ಮಾಡುವ ನಾನು ಸಂಜೆ ಮನುಷ್ಯರನ್ನು ನಕಲು ಮಾಡುತ್ತೇನೆ. ನಮ್ಮ ದೊರೆ ಸಹಿ ಹಾಕುವ ಮೊದಲು ಮೂರು ಸಲ ಮೂಗೆಳೆಯುವುದು, ಹೆಡ್ ಗುಮಾಸ್ತರು ಬೈಯುವಾಗ ಕನ್ನಡದಲ್ಲಿ ಶುರುಮಾಡಿ ಸಿಟ್ಟೇರಿದಂತೆ ಇಂಗ್ಲಿಷಿಗೆ ಹತ್ತುವುದು, ಆಮೇಲೆ ಇಂಗ್ಲಿಷ್ ಸಾಲದೆ ಕೊಡವ ಭಾಷೆಗೆ ಜಾರುವುದು, ಎಲ್ಲವೂ ನನ್ನ ಗಂಟಲಲ್ಲಿ ಇವೆ. ನನ್ನನ್ನೇ ನಾನು ನಕಲು ಮಾಡಲು ಒಮ್ಮೆ ಹೊರಟೆ. ಒಳಗೆ ಯಾರೂ ಸಿಗಲಿಲ್ಲ. ಗಾಬರಿಯಾಗಿ ಬಿಟ್ಟುಬಿಟ್ಟೆ.

ನವರಸಗಳಲ್ಲಿ ಭಯಾನಕಕ್ಕೆ ಕಪ್ಪು ಬಣ್ಣ, ಕಾಲನೇ ಅದರ ಅಧಿದೇವತೆ ಎಂದು ಹಳೆಯ ಲಾಕ್ಷಣಿಕರು ಬರೆದಿಟ್ಟಿದ್ದಾರಂತೆ. ನಮ್ಮ ಶಾಲೆಯ ಪಂಡಿತರು ಹೇಳಿದ್ದು. ಶೃಂಗಾರದ ಪಾಠ ಬಂದಾಗ ಅವರು ಪುಟ ಹಾರಿಸುತ್ತಿದ್ದರು, ಭಯಾನಕಕ್ಕೆ ಮಾತ್ರ ಬೆತ್ತ ಹಿಡಿದು ಪ್ರತ್ಯಕ್ಷ ಉದಾಹರಣೆಯನ್ನೇ ಕೊಡುತ್ತಿದ್ದರು. ನನ್ನ ರಸಿಕತೆ ಒಂದೇ ಕಡೆಗೆ ವಾಲಿದ್ದಕ್ಕೆ ಈ ಶಿಕ್ಷಣವೇ ಕಾರಣವಿರಬೇಕು.

ನಮ್ಮ ಕೊಡಗಿನ ಹಳೆಯ ದೆವ್ವಗಳ ದೊಡ್ಡ ಗುಣವೇನು ಗೊತ್ತೇ? ಅವಕ್ಕೆ ವಿಳಾಸವಿತ್ತು. ನಮ್ಮಪ್ಪ ಮಾಕುಟ್ಟದ ಕಾಡಿನಲ್ಲಿ ಗಾರ್ಡು. ಅಲ್ಲಿನ ಘಟ್ಟದ ಮೂರನೆಯ ತಿರುವಿನಲ್ಲಿ ಒಬ್ಬಳು ಗಾಡಿಯವರನ್ನು ತಡೆದು ಸುಣ್ಣ ಕೇಳುತ್ತಾಳಂತೆ. ಅಪ್ಪ ಎಲೆಯಡಿಕೆ ಹಾಕುವವರಲ್ಲ, ಆದರೂ ಖಾಕಿ ಅಂಗಿಯ ಜೇಬಿನಲ್ಲಿ ಸುಣ್ಣದ ಡಬ್ಬಿ ತಪ್ಪಿಸುವುದಿಲ್ಲ. "ನಂಬಿಕೆ ಇಲ್ಲ ಅಂದ್ರಲ್ಲ?" ಎಂದು ಕೇಳಿದರೆ, "ನಂಗೆ ಇಲೆ. ಅವಕ್ಕೆ ಇದ್ದರೆ?" ಎನ್ನುತ್ತಾರೆ. ನಮ್ಮ ಮನೆಮಾತು ಅರೆಭಾಷೆ. ಈ ಭಾಷೆಯಲ್ಲಿ ದೆವ್ವದ ಸುದ್ದಿ ಕೇಳಿದರೆ ನೆಂಟರ ಸುದ್ದಿ ಕೇಳಿದಂತೆಯೇ ಇರುತ್ತದೆ.

ಅದು ನಿಜವೂ ಹೌದು. ನಮ್ಮಲ್ಲಿ ಸತ್ತ ಹಿರಿಯರು ಮನೆ ಬಿಟ್ಟು ಹೋಗುವುದಿಲ್ಲ. ವರ್ಷಕ್ಕೊಮ್ಮೆ ಅವರಿಗೆ ಎಲೆ ಹಾಕಿ, ಕೋಳಿಸಾರು ಬಡಿಸಿ, ಪಕ್ಕದಲ್ಲಿ ಒಂದು ಲೋಟ ಸಾರಾಯಿ ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಆಮೇಲೆ ಹಿರಿಯರು ಪಾತ್ರಿಯ ಮೈಮೇಲೆ ಬಂದು ಮಾತಾಡುತ್ತಾರೆ. ಆಗ ಮನೆಯವರೆಲ್ಲ ಎದ್ದು ನಿಲ್ಲಬೇಕು, ಗಂಡಸರು ತಲೆಯ ವಸ್ತ್ರ ತೆಗೆಯಬೇಕು, ಕೇಳುವುದಿದ್ದರೆ ಕೇಳಬೇಕು. ನಾಲ್ಕು ಜನರ ಎದುರು ಹಿರಿಯರು ಆಡಿದ ಮಾತನ್ನು ಮನೆಯ ಯಜಮಾನನೂ ಮೀರುವಂತಿಲ್ಲ. ಬದುಕಿದ್ದಾಗ ಯಾರೂ ಕೇಳದಿದ್ದ ಮನುಷ್ಯನ ಮಾತಿಗೂ ಸತ್ತ ಮೇಲೆ ಹೈಕೋರ್ಟಿನ ತೀರ್ಪಿನ ತೂಕ!

ಹೀಗಿರುವ ಊರಿಗೆ ಬಯೋಸ್ಕೋಪು ಬಂತು.

ಮಡಿಕೇರಿಯ ಮೈದಾನದಲ್ಲಿ ಡೇರೆ ಎದ್ದ ದಿನ ನಾನು ಕಚೇರಿಯಿಂದ ಓಡಿದ್ದು ನೋಡಿ ದೊರೆಯೇ ಬೆಂಕಿ ಬಿತ್ತೇ ಎಂದು ಕಿಟಕಿಗೆ ಬಂದರಂತೆ. ಬಿಳಿ ಬಟ್ಟೆಯ ಮೇಲೆ ಮನುಷ್ಯರು ನಡೆಯುತ್ತಾರೆ, ಅಳುತ್ತಾರೆ, ಕತ್ತಿ ಬೀಸುತ್ತಾರೆ, ಆದರೆ ಒಂದು ಸದ್ದಿಲ್ಲ! ಇದಕ್ಕಿಂತ ದೊಡ್ಡ ದೆವ್ವದಾಟ ಎಲ್ಲಿದೆ ಸ್ವಾಮಿ? ಮಾತು ಇಂಗ್ಲಿಷಿನಲ್ಲಿ ಬರೆದು ಬರುವುದರಿಂದ, ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ. ನಾಯಕಿಗೂ ಅವನದೇ ದನಿ, ಕುದುರೆಗೂ ಅವನದೇ.

ಹಿರಿಯರು ಈ ಡೇರೆಯ ಮೇಲೆ ಹೊರಿಸಿದ ಆರೋಪಗಳನ್ನೆಲ್ಲ ನಾನು ಅವರವರ ದನಿಯಲ್ಲೇ ಒಪ್ಪಿಸಬಲ್ಲೆ. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ತೆಳು ಬಟ್ಟೆ ಮಾತ್ರ. ಯಾವ ಜಾತಿಯವನ ಪಕ್ಕ ಯಾವ ಜಾತಿಯವನೋ. ಹೆದರಿಕೆಗೆ ಟಿಕೆಟ್ಟು ಬೇರೆ! ನಾನು ಒಪ್ಪುವುದು ಕೊನೆಯದನ್ನು ಮಾತ್ರ. ಉಳಿದವಕ್ಕೆ ನನ್ನ ಉತ್ತರ ಇದು: ಪರದೆಯ ಮೇಲೆ ಬಾಗಿಲು ತಾನಾಗಿ ತೆರೆದಾಗ, ದಿನವೂ ದಾರಿಯಲ್ಲಿ ಮೈ ಸೋಕಿದರೆ ಮೂರು ಹೆಜ್ಜೆ ಸರಿಯುತ್ತಿದ್ದ ವಕೀಲರು ಪಕ್ಕದ ದರ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೀಪ ಹತ್ತಿದ ಮೇಲೆ ಬಿಟ್ಟರು, ಸರಿ. ಆದರೆ ಹಿಡಿದದ್ದು ಹಿಡಿದದ್ದೇ. ಸಮಾಜ ಸುಧಾರಕರು ಭಾಷಣ ಮಾಡಿ ಮಾಡಿ ಗಂಟಲು ಕೆಡಿಸಿಕೊಳ್ಳುತ್ತಾರೆ, ಒಂದು ಒಳ್ಳೆಯ ದೆವ್ವವನ್ನು ಸಾಕಿಕೊಂಡರೆ ಅರ್ಧ ಕೆಲಸ ಆದಂತೆ.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬೇರೆಯೇ ಬಯೋಸ್ಕೋಪು ನಡೆದಿತ್ತು. ನನ್ನ ತಂಗಿ ದೇವಕಿ ಮಡಿಕೇರಿಯ ಶಾಲೆಯಲ್ಲಿ ಓದಿ ಮೊದಲಿಗಳಾಗಿ ಪಾಸಾಗಿದ್ದಳು. ಮಂಗಳೂರಿಗೆ ಹೋಗಿ ಎರಡು ವರ್ಷ ಟೀಚರ್ ತರಬೇತಿ ಪಡೆಯಲು ಅವಳಿಗೆ ಸೀಟು ಸಿಕ್ಕಿತ್ತು. ಒಪ್ಪಿಗೆಯ ಕಾಗದ ಒಂದು ವಾರದೊಳಗೆ ಹೋಗಬೇಕು. ಹೋಗದಿದ್ದರೆ, ಹೆಂಡತಿ ತೀರಿಕೊಂಡಿದ್ದ ಒಬ್ಬ ಎಸ್ಟೇಟ್ ರೈಟರ್, ಕಾಫಿ ತೋಟದ ಲೆಕ್ಕ ಬರೆಯುವವನು, ಜಾತಕ ಹಿಡಿದು ಕಾದಿದ್ದ. ಅಪ್ಪ ಕಾಡಿನಲ್ಲೇ ಇರುವವರು, ಮನೆಯ ಯಜಮಾನರು ನಮ್ಮ ದೊಡ್ಡಪ್ಪ. ಕೆಟ್ಟವರಲ್ಲ. ಆದರೆ ನಮ್ಮ ಅಜ್ಜ ಸಾಯುವ ಮೊದಲು, ನಮ್ಮ ಮನೆಯ ಹೆಣ್ಣುಮಕ್ಕಳು ಘಟ್ಟ ಇಳಿಯುವುದು ಬೇಡ ಎಂದು ಹೇಳಿಹೋಗಿದ್ದರು.

"ಅಪ್ಪ ಬೊತ್ತು ಹೇಳ್ದ ಮೇಲೆ ಬೊತ್ತು. ಬೇಕ್ ಹೇಳಿಕೆ ನಾ ಯಾರ್?" ಎಂದರು ದೊಡ್ಡಪ್ಪ. ಬೊತ್ತು ಎಂದರೆ ನಮ್ಮಲ್ಲಿ ಬೇಡ.

"ಅಜ್ಜ ಸತ್ತು ಆರು ವರ್ಷ ಆಯ್ತಲ್ಲ ದೊಡ್ಡಪ್ಪ."

"ಸತ್ತವರ ಮಾತ್ ಹಳ್ತ್ ಆಗ್ತದಾ?"

ಹಿರಿಯರನ್ನೇ ಕೇಳೋಣವೆಂದರೆ ಅವರಿಗೆ ಎಲೆ ಹಾಕುವ ದಿನಕ್ಕೆ ಇನ್ನೂ ತಿಂಗಳುಗಳು ಇದ್ದವು. ದೇವಕಿ ಅಳಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಹಳೆಯ ಸೀರೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದಳು. ಅವಳನ್ನು ನಗಿಸಲು ನಾನು ದೊಡ್ಡಪ್ಪನ ನಕಲು ಮಾಡಿದೆ, ರೈಟರನ ನಕಲು ಮಾಡಿದೆ. "ಅಣ್ಣ, ನಿಂಗೆ ಎಲ್ಲರ ಬಾಯಿ ಬಾತ್ತದೆ, ನನ್ನ ಪರ ಒಂದ್ ಮಾತ್ ಆಡಿಕೆ ಮಾತ್ರ ಬಾಯಿ ಇಲೆ" ಎಂದಳು.

ಅದೇ ವಾರ ಡೇರೆಯ ಸಾಹುಕಾರ ನನ್ನನ್ನು ಹುಡುಕಿಕೊಂಡು ಬಂದ. ಮಡಿಕೇರಿಯ ಮಂಜಿಗೆ ಅವನ ಕೂಗುಗಾರನ ಗಂಟಲು ಕಟ್ಟಿಹೋಗಿತ್ತು. "ತಂಬಿ, ನೀ ಎಲ್ಲಾರ ವಾಯ್ಸ್ ಮಾಡ್ತೀಯಂತೆ. ಶನಿವಾರ ಪೇಯ್ ಪಡಂ ಇರುಕ್ಕು, ದೆವ್ವದ್ದು. ನೀ ಸೊಲ್ಲು" ಎಂದ ಆ ತಮಿಳು ಪುಣ್ಯಾತ್ಮ. ದೆವ್ವದ ಚಿತ್ರ! ನಾನು! ಆ ಕ್ಷಣ ಅವನು ನನ್ನ ನೌಕರಿಯನ್ನೇ ಕೇಳಿದ್ದರೂ ಬರೆದುಕೊಡುತ್ತಿದ್ದೆ.

ಕತೆ ಸುಲಭದ್ದು. ಹಿಮ ಬೀಳುವ ಯಾವುದೋ ದೇಶದಲ್ಲಿ ಸತ್ತ ಜಮೀನ್ದಾರನೊಬ್ಬ ಮೆಟ್ಟಿಲಿಗೆ ಕಾಲು ತಾಗಿಸದೆ ಇಳಿದುಬಂದು ತನ್ನ ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ನೋಡುತ್ತಾನೆ. ಇವನಿಗೆ ಯಾವ ದನಿ ಕೊಡುವುದು? ಹೆಡ್ ಗುಮಾಸ್ತರದು ಕೊಟ್ಟು ನೋಡಿದೆ, ನಗು ಬಂತು. ದೊರೆಯದು ಕೊಟ್ಟೆ, ದೆವ್ವಕ್ಕೆ ನೆಗಡಿಯಾದಂತಾಯಿತು. ನಾನು ಜೀವಮಾನದಲ್ಲಿ ನಿಜವಾಗಿ ಹೆದರಿದ್ದು ಒಂದೇ ದನಿಗೆ. ಅದು ನಮ್ಮ ಅಜ್ಜನದು. ಎದೆಯ ತಳದಿಂದ ಹೊರಟು, ಕಫದಲ್ಲಿ ಹೊರಳಿ, ಮೂಗಿನಲ್ಲಿ ಒಮ್ಮೆ ಸುತ್ತಿ ಹೊರಬರುವ ಗುಡುಗು. ಅದನ್ನೇ ಹಾಕಿದೆ. ಪಾಪಪುಣ್ಯದ ಯೋಚನೆ ತಲೆಗೆ ಹೊಳೆಯಲಿಲ್ಲ. ಕಲಾವಿದನ ತಲೆಯಲ್ಲಿ ಅಷ್ಟು ಜಾಗ ಇರುವುದಿಲ್ಲ.

ಶನಿವಾರ ಸಂಜೆಯ ಆಟಕ್ಕೆ ನಮ್ಮ ಮನೆಯ ದಂಡೇ ಬಂದಿತ್ತು. ಅಜ್ಜಿ ದೇವಕಿಯನ್ನು ಕರೆದುಕೊಂಡು ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಡೇರೆಯೊಳಗೆ ಏನೇನು ಅನಾಚಾರ ನಡೆಯುತ್ತದೆಂದು ಪರೀಕ್ಷಿಸಲು ದೊಡ್ಡಪ್ಪ ಬಂದಿದ್ದರು. ಪರೀಕ್ಷೆ ಸರಿಯಾಗಿ ಆಗಲಿ ಎಂದು ಒಳ್ಳೆಯ ಜಾಗ ಹಿಡಿದಿದ್ದರು.

ಪರದೆಯ ಮೇಲೆ ಜಮೀನ್ದಾರ ತೇಲಿಬಂದ. ನಾನು ಉಸಿರೆಳೆದು ಬಿಟ್ಟೆ:

"ಯಾರಾ ಅದ್, ನನ್ನ ಕುರ್ಚಿಲಿ ಕುದ್ದದ್?"

ಡೇರೆ ಗಡಗಡ ನಡುಗಿತು. ಒಬ್ಬಳು ಕಿರುಚಿದಳು. ನಾನು ಸ್ವರ್ಗದಲ್ಲಿದ್ದೆ! ಆಮೇಲೆ ನೋಡಿದರೆ, ಜನರೆಲ್ಲ ಕುಗ್ಗಿ ಕೂತಿದ್ದಾಗ ಅಲ್ಲಲ್ಲಿ ಕೆಲವರು ಎದ್ದು ನಿಂತಿದ್ದರು. ದೊಡ್ಡಪ್ಪ ತಲೆಯ ವಸ್ತ್ರ ತೆಗೆದು ಕೈ ಮುಗಿದಿದ್ದರು. ಅವರ ಇಬ್ಬರು ಗಂಡುಮಕ್ಕಳೂ ನಿಂತಿದ್ದರು. ಹಿರಿಯರು ಮಾತಾಡಿದರೆ ನಮ್ಮ ಮನೆಯವರ ಕಾಲು ಬುದ್ಧಿಯನ್ನು ಕೇಳದೆ ಏಳುತ್ತದೆ.

ಹೆಂಗಸರ ಕಡೆಯಿಂದ ಅಜ್ಜಿಯ ದನಿ ಬಂತು. ಸಂತೆಯಲ್ಲಿ ಕಂಡವರನ್ನು ಮಾತಾಡಿಸುವಷ್ಟು ಸಲೀಸಾದ ದನಿ.

"ಬಂದದ್ ಒಳ್ಳೆದ್ ಆತ್. ಕೇಳಿ ಇತ್ತ. ಹೆಣ್ಣ್‌ಮಕ್ಕ ಘಟ್ಟ ಇಳಿಯೂದ್ ಬೊತ್ತೂಂತ ಹೇಳಿಹೋದರಿ. ನಮ್ಮ ದೇವಕಿಗೆ ಮಂಗ್ಳೂರಿಲಿ ಓದಿಕೆ ಜಾಗ ಸಿಕ್ಕಿಟ್ಟು. ಕಳ್ಸೊಕಾ, ಬೊತ್ತಾ? ಎಲ್ಲರೂ ಇಲ್ಲೇ ಒಳೊ. ಈಗಲೇ ಹೇಳಿ."

ಪರದೆಯ ಮೇಲಿನ ದೆವ್ವ ಬಾಯಿ ತೆರೆದು ನಿಂತಿತ್ತು, ಪಕ್ಕದಲ್ಲಿ ನಾನು ಬಾಯಿ ತೆರೆದು ನಿಂತಿದ್ದೆ. ಹಿಂದಿನಿಂದ ಸಾಹುಕಾರ, "ಸೊಲ್ಲು ತಂಬಿ, ಏನಾದ್ರೂ ಸೊಲ್ಲು!" ಎಂದು ಹಲ್ಲು ಕಚ್ಚಿ ಪಿಸುಗುಡುತ್ತಿದ್ದ. ನಕ್ಕು ತಪ್ಪೊಪ್ಪಿಕೊಂಡರೆ ಅಜ್ಜಿಗೆ ಊರೆದುರು ಅವಮಾನ. ಬೊತ್ತು ಎಂದರೆ ದೇವಕಿಯ ಪುಸ್ತಕ ಅಟ್ಟದಲ್ಲೇ ಗೆದ್ದಲಿಗೆ. ಕಳಿಸಿ ಎಂದರೆ ಸತ್ತವರ ಹೆಸರಿನಲ್ಲಿ ಹಸಿಸುಳ್ಳು. ದೇವಕಿಯ ಮುಖ ಕಂಡಿತು. ಅವಳು ದೆವ್ವವನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಸರಿ ಎಂದು ಹೇಳಲು ಬಾಯಿ ತೆರೆದರೆ ಅಜ್ಜನ ದನಿ ಬರಲೊಲ್ಲದು! ಏಕೆಂದರೆ ಅಜ್ಜ ಎಂದೂ ಯಾವುದಕ್ಕೂ ನೇರವಾಗಿ ಸರಿ ಎಂದವರಲ್ಲ. ನಕಲು ಮಾಡುವವನಿಗೆ ಗಂಟಲು ಸಾಲದು, ಆ ಮನುಷ್ಯ ಏನು ಹೇಳುತ್ತಿದ್ದ ಎಂಬುದೂ ಒಳಗಿನಿಂದ ಬರಬೇಕು. ಅಜ್ಜ ಮೊದಲು ಬೈಯುತ್ತಿದ್ದರು. ನಾನೂ ಬೈದೆ.

"ಬುದ್ಧಿ ಉಟ್ಟಾ ನಿಂಗೊಕ್ಕೆ? ನಾ ಬೊತ್ತು ಹೇಳ್ದ ಕಾಲಕ್ಕೆ ಘಟ್ಟಲಿ ಎಂಥ ಇತ್ತ್? ಎತ್ತಿನ ಗಾಡಿ, ಮೂರ್ ದಿನದ ದಾರಿ, ಹುಲಿ! ಈಗ ಮೋಟಾರ್ ಹೋಗ್ತುಟ್ಟಲ್ಲ? ಅಷ್ಟ್ ಗೊತ್ತಾಗದಾ? ಕಳ್ಸಿ! ಕಂಬಳಿ ಕೊಟ್ಟ್ ಕಳ್ಸಿ, ಅಲ್ಲಿ ಚಳಿ ಉಟ್ಟು!"

ಮಂಗಳೂರಿನಲ್ಲಿ ಚಳಿ! ಕಂಬಳಿಯ ಮಾತು ನಾನು ಯೋಚಿಸಿ ಆಡಿದ್ದಲ್ಲ. ಜನ್ಮದಲ್ಲಿ ಘಟ್ಟ ಇಳಿಯದ ಅಜ್ಜನೇ ನನ್ನ ಬಾಯಿಗೆ ನುಗ್ಗಿ ಆಡಿದಂತಿತ್ತು. ನನ್ನ ಬೆನ್ನಲ್ಲಿ ಇರುವೆ ಸಾಲು ಹರಿಯಿತು.

ದೊಡ್ಡಪ್ಪ ತಲೆ ಬಗ್ಗಿಸಿ, "ಆತ್ ಅಪ್ಪ" ಎಂದರು. ಕೂತರು. ಅಜ್ಜಿಯೂ ಕೂತರು. ಆಟ ಮುಂದುವರಿಯಿತು. ಸೋಮವಾರ ಒಪ್ಪಿಗೆಯ ಕಾಗದ ದೊಡ್ಡಪ್ಪನ ಸಹಿಯೊಂದಿಗೆ ಮಂಗಳೂರಿಗೆ ಹೋಯಿತು.

ಆ ನಡುವಿನ ಭಾನುವಾರ ಅಜ್ಜಿ ನನ್ನನ್ನು ಒಲೆಯ ಬಳಿಗೆ ಕರೆದು ಎರಡು ಕಡುಬು ಹೆಚ್ಚಾಗಿ ಹಾಕಿದರು. "ಜೀವ ಇದ್ದಾಗ ನಾ ಕೇಳ್ದಕ್ಕೆ ಒಂದ್ ಸಲನೂ ಹೂಂ ಹೇಳದ ಮನುಷ್ಯ" ಎಂದರು. ಸ್ವಲ್ಪ ಹೊತ್ತು ಬೆಂಕಿ ಸರಿಮಾಡಿದರು. "ಕಫ ಮಾತ್ರ ಕಮ್ಮಿ ಆತ್, ಮಗ."

"ಅಜ್ಜಿ, ಗೊತ್ತಿದ್ದೂ ಕೇಳಿದ್ರಾ?"

"ಮತ್ತೆ? ಒಂದ್ ವಾರಂದ ಯಾರನ್ನ ಕೇಳೊಕೂಂತ ಹುಡ್ಕುತಿದ್ದೆ. ನೀ ಅಲ್ಲಿ ನಿಂತ್ಕಂಡ್ ಕೂಗಿರೆ, ಬಿಡಿಕೆ ಆದಾ?"

ಅಂದರೆ ಆ ಡೇರೆಯಲ್ಲಿ ನಾನು ಎಲ್ಲರನ್ನೂ ಆಡಿಸುತ್ತಿದ್ದೇನೆಂದು ಉಬ್ಬಿದ್ದಾಗ, ನನ್ನನ್ನೇ ಬೊಂಬೆ ಮಾಡಿ ಆಡಿಸಿದವರು ಎಂಬತ್ತು ವರ್ಷದ ಮುದುಕಿ! ಹೊಸ ಮನರಂಜನೆಯಿಂದ ಹಳೆಯ ಮರ್ಯಾದೆ ಕೆಡುತ್ತದೆ ಎನ್ನುವವರು ಇನ್ನು ನನ್ನ ಬಳಿ ಮಾತಾಡಕೂಡದು. ನಮ್ಮ ಅಜ್ಜಿ ಹಳೆಯ ಮರ್ಯಾದೆಯನ್ನು ಹೊಸ ಡೇರೆಗೆ ಕರೆದೊಯ್ದು, ಎಲ್ಲರೆದುರು ಕೂರಿಸಿ, ತಮಗೆ ಬೇಕಾದ್ದನ್ನು ಅದರ ಬಾಯಿಂದಲೇ ಹೇಳಿಸಿದರು.

ದೇವಕಿ ಹೊರಟ ದಿನ ದೊಡ್ಡಪ್ಪನೇ ಮೋಟಾರು ನಿಲ್ದಾಣಕ್ಕೆ ಬಂದರು. ಬಿಸಿಲು ಚುರುಗುಟ್ಟುತ್ತಿತ್ತು. ಕಂಬಳಿಯ ಸುರುಳಿಯನ್ನು ಅವರೇ ಅವಳ ಮಡಿಲಲ್ಲಿ ಇಟ್ಟರು. ಅವಳು ನನ್ನನ್ನು ನೋಡಿದಳು, ನಾನು ಆಕಾಶ ನೋಡಿದೆ. ಮೋಟಾರು ತಿರುವಿನಲ್ಲಿ ಮರೆಯಾಯಿತು.

ಆಮೇಲೂ ದೊಡ್ಡಪ್ಪ ಅಲ್ಲಿಂದ ಕದಲಲಿಲ್ಲ. ಎದುರಿನ ಕ್ಷೌರದಂಗಡಿಯನ್ನೇ ನೋಡುತ್ತಿದ್ದರು. ಮಡಿಕೇರಿಯ ಅರ್ಧ ಗಂಡಸರು ಜುಟ್ಟು ತೆಗೆಸಿ ಕ್ರಾಪು ಬಿಟ್ಟಿದ್ದು ಅಲ್ಲಿಯೇ. ದೊಡ್ಡಪ್ಪ ನನ್ನ ಮುಖ ನೋಡದೆ, ಹೆಗಲ ವಸ್ತ್ರ ಸರಿಮಾಡುತ್ತಾ ಕೇಳಿದರು:

"ಜುಟ್ಟ್ ತೆಗಿಕೆ ಬೊತ್ತೂಂತ ಅಪ್ಪ ಹೇಳಿದ್ದ. ನೀ ಒಂದ್ ಸಲ... ಕೇಳಿ ಹೇಳ್."

ಓ, ಇವರಿಗೂ ಗೊತ್ತಿತ್ತು! ನನ್ನ ಗಂಟಲು ತಾನಾಗಿ ಅಜ್ಜನ ಕಡೆಗೆ ಹೊರಳಿತು. ಯಾಕೋ ತಡೆದೆ. "ತೆಗೆಸಿ ದೊಡ್ಡಪ್ಪ. ನಿಮಗೆ ಚಂದ ಕಾಣ್ತದೆ" ಎಂದೆ, ನನ್ನದೇ ಬಡಕಲು ದನಿಯಲ್ಲಿ.

"ನಿನ್ನ ಯಾರ್ ಕೇಳ್ದ?"

"ಯಾರೂ ಕೇಳ್ಲಿಲ್ಲ. ನಾನೇ ಹೇಳ್ತಾ ಇದ್ದೀನಿ."

ಅವರು ಹಿಂದೆ ತಿರುಗಿ ನೋಡಿದರು, ಯಾರೂ ಇರಲಿಲ್ಲ. ಕೊನೆಗೆ ತಾವಾಗಿಯೇ ರಸ್ತೆ ದಾಟಿ, ಒಳಗೆ ಹೋಗಿ, ಕನ್ನಡಿಯ ಎದುರು ಕೂತರು. ನಾನು ಬಾಗಿಲಲ್ಲಿ ನಿಂತೆ. ಕತ್ತರಿ ಮೊದಲ ಸಲ ಕಚಕ್ಕೆಂದಾಗ ದೊಡ್ಡಪ್ಪ ಕಣ್ಣು ಬಿಗಿಯಾಗಿ ಮುಚ್ಚಿ ಎರಡೂ ಕೈಯಲ್ಲಿ ಕುರ್ಚಿಯನ್ನು ಹಿಡಿದುಕೊಂಡರು. ದೆವ್ವದ ಆಟಗಳನ್ನು ಇಷ್ಟು ನೋಡಿದ್ದೇನೆ, ಅಷ್ಟು ನಿಜವಾಗಿ ಹೆದರಿದ ಮುಖವನ್ನು ಯಾವ ಡೇರೆಯಲ್ಲೂ ಕಂಡಿಲ್ಲ.