ಹೊಸ್ತಿಲಾಚೆಯ ಎರಡು ಜೋಡಿ

ಅಕ್ಕನನ್ನು ನೆನೆದರೆ ಮೊದಲು ಕಾಣುವುದು ಅವರ ಬೆರಳುಗಳಿಂದ ನೇತಾಡುವ ನಮ್ಮ ಚಪ್ಪಲಿಗಳು. ದುಬೈಯ ಅಲ್ ಕುಸೈಸಿನ ಆ ಫ್ಲ್ಯಾಟು ಅವರ ಹೆಸರಿನಲ್ಲಿತ್ತು. ಬಾಡಿಗೆ ವರ್ಷವರ್ಷ ಏರಿದಾಗ ಪ್ಲೈವುಡ್ ಗೋಡೆ ಎಬ್ಬಿಸಿ, ಊರಿಂದ ದುಡಿಯಲು ಬಂದ ನಮ್ಮಂಥವರಿಗೆ ಗೂಡುಗಳನ್ನು ಮಾಡಿಕೊಟ್ಟಿದ್ದರು. ಅದು ಕಾನೂನಿಗೆ ವಿರುದ್ಧ. ಮುನಿಸಿಪಾಲಿಟಿಯ ಚೆಕ್ಕಿಂಗಿನವರ ಕಣ್ಣಿಗೆ ಬಿದ್ದರೆ ಎಲ್ಲರೂ ಬೀದಿಗೆ.

ಊರಿನ ಅಭ್ಯಾಸದಂತೆ ನಾವು ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟು ಬರುತ್ತಿದ್ದೆವು. “ಚಪ್ಪಲಿ ಒಳಗೆ ಮಾರಾಯ್ರೆ!” ಎಂದು ಅಡುಗೆಮನೆಯಿಂದ ಅಕ್ಕ ಓಡಿ ಬರುತ್ತಿದ್ದರು. ಹೊರಗೆ ಇರಬೇಕಾದದ್ದು ಎರಡೇ ಜೋಡಿ, ಅವರದು ಮತ್ತು ಅವರ ಗಂಡನದು. ನೋಡಿದವರಿಗೆ ಗಂಡ ಹೆಂಡತಿ ಮಾತ್ರ ಇದ್ದಾರೆ ಅನ್ನಿಸಬೇಕು. ಲಿಫ್ಟ್ ಸದ್ದಾದರೆ ಅವರ ಸೌಟು ನಿಲ್ಲುತ್ತಿತ್ತು. ಲಿಫ್ಟ್ ನಮ್ಮ ಮಹಡಿ ದಾಟಿದ ಮೇಲೆಯೇ ಸೌಟು ಮತ್ತೆ ಆಡುತ್ತಿತ್ತು.

ಒಂದು ಭಾನುವಾರ ಊಟದ ಹೊತ್ತಿಗೆ ಬೆಲ್ ಆಯಿತು. ನಾವು ಬಾಯಲ್ಲಿದ್ದ ತುತ್ತನ್ನೂ ಅಗಿಯದೆ ಕೂತೆವು. ಅಕ್ಕ ನೈಟಿಯ ಮೇಲೆ ಶಾಲು ಹೊದ್ದು, ಮುಖಕ್ಕೊಂದು ನಗು ತಂದುಕೊಂಡು ಬಾಗಿಲು ತೆರೆದರು. ಬ್ಯಾಗು ಹೊತ್ತ ಅಪರಿಚಿತನೊಬ್ಬ ನಿಂತಿದ್ದ.

“ಅಕ್ಕ, ಮಲಗಲಿಕ್ಕೆ ಒಂದು ಜಾಗ ಉಂಟಾ?”

“ಇಲ್ಲಿ ಫ್ಯಾಮಿಲಿ ಮಾತ್ರ ಇರುವುದು,” ಎಂದ ಅಕ್ಕ ಅವನ ಕೈ ನೋಡಿದರು. ಯಾರೂ ಹೇಳದೆಯೇ ಅವನು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

“ಯಾವ ಬಿಲ್ಡಿಂಗ್ ನಿಮ್ಮದು?”

“ಇದರ ಹಿಂದಿನದ್ದು. ಬೆಳಿಗ್ಗೆ ಚೆಕ್ಕಿಂಗ್ ಬಂತು. ಹೊರಗೆ ಚಪ್ಪಲಿ ಕಂಡ ಬಾಗಿಲೆಲ್ಲ ತೆರೆಸಿದರು. ಖಲಾಸ್.”

ಅಕ್ಕ ಅವನನ್ನು ಒಳಗೆ ಕರೆದು, ಶೂ ಇಸಿದುಕೊಂಡರು. ಆಮೇಲೆ ಹೊರಗೆ ಬಗ್ಗಿ, ತಮ್ಮ ಮತ್ತು ಗಂಡನ ಆ ಎರಡು ಜೋಡಿಯನ್ನೂ ಎತ್ತಿಕೊಂಡು ಬಾಗಿಲು ಹಾಕಿದರು.