ಪಾಲು ಮಾಡಿ ತಿಂದ ಮಾತ್ರೆ

‘ನಿಮ್ಮ ಅಕ್ಕನ ತುಟಿ ಗೋಳಿಬಜೆಯಷ್ಟು ಊದಿದೆ’ ಎಂದು ಯಾರಾದರೂ ಫೋನ್ ಮಾಡಿದರೆ ನೀವೇನು ಮಾಡುತ್ತೀರಿ?

ನಾನು ನಕ್ಕೆ.

ಫೋನ್ ಮಾಡಿದ್ದು ಲಿಲ್ಲಿ ಬಾಯಿ. ಇನ್ನಂಜೆಯಲ್ಲಿರುವ ನನ್ನ ಅಕ್ಕ ವಿಮಲಳ ಪಕ್ಕದ ಮನೆಯವರು. ಏನು ಹೇಳುವುದಾದರೂ ಒಂದು ಒಗ್ಗರಣೆ ಹಾಕಿಯೇ ಹೇಳುವ ಹೆಂಗಸು. ಕಳೆದ ಮಳೆಗಾಲದಲ್ಲಿ ಅವರ ಅಂಗಳಕ್ಕೆ ಬಂದ ಕೇರೆಹಾವು ನನ್ನ ಕಿವಿಗೆ ತಲುಪುವಾಗ ಹೆಬ್ಬಾವಾಗಿತ್ತು. ಹಾಗಾಗಿ ನಕ್ಕೆ. ಆಮೇಲೆ ಆ ಕಡೆಯಿಂದ ಅವರು ಅಳುವುದು ಕೇಳಿಸಿತು.

“ನಗಬೇಡಿ ಹರೀಶಣ್ಣ. ವಿಮಲಕ್ಕನಿಗೆ ಉಸಿರು ತೆಗೆಯಲಿಕ್ಕೆ ಕಷ್ಟ ಆಗುತ್ತಾ ಉಂಟು. ಮೈಯೆಲ್ಲ ಕೆಂಪು ದದ್ದು. ಕಾಪುವಿನ ಡಾಕ್ಟರ ಹತ್ತಿರ ಕರಕೊಂಡು ಬಂದೆ. ಅವರು ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್ ಕರೆಸಿದ್ದಾರೆ. ಮಣಿಪಾಲಕ್ಕೆ ಹೊರಟೆವು. ನೀವು ಅಲ್ಲಿಗೇ ಬನ್ನಿ.”

ಇಂಜೆಕ್ಷನ್ ಎಂದದ್ದೇ ತಡ, ಹೆದರಿ ಸ್ಕೂಟರಿನ ಕೀ ಹುಡುಕಿದೆ. ಯಾಕೆಂದರೆ ನಮ್ಮ ಅಕ್ಕನಿಗೆ ಇಂಜೆಕ್ಷನ್ ಆಗುವುದಿಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಉಡುಪಿಯಿಂದ ಮಣಿಪಾಲ ಎಷ್ಟು ದೂರ? ಮೂಗಿನ ತುದಿಯಲ್ಲಿದೆ. ಆದರೆ ಆ ದಿನ ಕಲ್ಸಂಕದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ನನ್ನ ಸ್ಕೂಟರಿಗೆ ಅದು ಮುಂಬೈಯಷ್ಟು ದೂರವಾಯಿತು. (ನಾನು ಹುಟ್ಟಾ ಪುಕ್ಕಲ ಎಂದು ಈ ಅಂಕಣದ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ.) ಭಾವನಿಗೆ ಫೋನ್ ಮಾಡಿದೆ. ಅವರು ಕಾರ್ಕಳದಲ್ಲಿದ್ದರು. ಮರುದಿನ ಅವರ ತಂಗಿಯ ಮಗಳ ಮದುವೆ. ಸೋದರಮಾವ ಅಲ್ವಾ, ಮೊದಲೇ ಹೋಗಿ ಚಪ್ಪರದ ಕೆಳಗೆ ನಿಂತಿದ್ದರು. ಬ್ಯಾಂಡಿನವರು ರಿಹರ್ಸಲ್ ಮಾಡುತ್ತಿದ್ದ ಕಾರಣ ನಾನು ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ.

ಕತೆ ಶುರುವಾದದ್ದೂ ಆ ಮದುವೆಯಿಂದಲೇ. ಅಕ್ಕನಿಗೆ ದವಡೆ ಹಲ್ಲಿನ ನೋವು. ಕೆನ್ನೆ ಊದಿ, ಜ್ವರ ಬಂದಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಹಲ್ಲು ಕೀಳುತ್ತಾರೆ, ಕಿತ್ತರೆ ಮದುವೆಯ ಫೋಟೋದಲ್ಲಿ ಬಾಯಿ ಬಿಡುವ ಹಾಗಿಲ್ಲ. ಬೇಲಿಯ ಆ ಕಡೆಯಿಂದ ಲಿಲ್ಲಿ ಬಾಯಿ ಕೇಳಿದರು, “ಗಲ್ಫಿನ ಮಾತ್ರೆ ಉಂಟು, ಕೊಡಲಾ?”

ನಮ್ಮ ಕಡೆ ಗಲ್ಫಿನಿಂದ ಜನ ಬಂದರೆ ಪಾಲು ಹಂಚುವುದು ನಿಮಗೆ ಗೊತ್ತೇ ಇದೆ. ಸಾಬೂನು ಆ ಮನೆಗೆ, ಹಾಲಿನ ಪುಡಿ ಈ ಮನೆಗೆ, ತಲೆನೋವಿನ ಎಣ್ಣೆ ಚರ್ಚಿನ ದಾರಿಯಲ್ಲಿ ಸಿಕ್ಕಿದ ಹಿರಿಯರಿಗೆ, ಅತ್ತರು ಪೋಸ್ಟ್‌ಮ್ಯಾನಿಗೆ. ಯಾರನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ವರ್ಷವಿಡೀ ಮುಖ ಸಿಂಡರಿಸುತ್ತಾರೆ. ಲಿಲ್ಲಿ ಬಾಯಿಯ ಗಂಡ ವಿನ್ಸೆಂಟ್ ದೋಹಾದಲ್ಲಿ ಕೆಲಸದಲ್ಲಿದ್ದಾರೆ. ಅವರಿಗೆ ಅಲ್ಲಿ ಗಂಟಲು ನೋವಾದಾಗ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಅದು. ಅರ್ಧ ತಿನ್ನುವಾಗ ಜ್ವರ ಬಿಟ್ಟಿತು. ಉಳಿದದ್ದನ್ನು ಬಿಸಾಡುವುದುಂಟೇ? ರಜೆಯಲ್ಲಿ ಬರುವಾಗ ಊರಿಗೆ ತಂದರು.

ಊರಿಗೆ ಬಂದ ಮೇಲೆ ಅದಕ್ಕೂ ಪಾಲಾಯಿತು. ಲಿಲ್ಲಿ ಬಾಯಿ ಹೊಲಿಗೆಯ ಕತ್ತರಿ ತೆಗೆದುಕೊಂಡು ಸ್ಟ್ರಿಪ್ಪನ್ನು ತುಂಡು ತುಂಡು ಮಾಡಿ, ಬೇಕಾದವರಿಗೆಲ್ಲ ಕೊಟ್ಟಿದ್ದರು. ಅಕ್ಕನಿಗೆ ಸಿಕ್ಕಿದ ತುಂಡಿನಲ್ಲಿ ಮಾತ್ರೆ ಇತ್ತು, ಹೆಸರಿರಲಿಲ್ಲ.

ಆಸ್ಪತ್ರೆ ತಲುಪಿ ಅಕ್ಕನ ಮುಖ ನೋಡಿದೆ. ಅದು ಅವಳ ಮುಖವೇ ಅಲ್ಲ. ಕಣ್ಣು ಎರಡು ಗೆರೆಗಳಾಗಿದ್ದವು. ಮೂಗಿಗೆ ಆಕ್ಸಿಜನ್, ಕೈಗೆ ಡ್ರಿಪ್. ಆದರೆ ಉಸಿರು ಬರುತ್ತಿತ್ತು. ಕಾಪುವಿನ ಡಾಕ್ಟರ್ ತೊಡೆಗೆ ಕೊಟ್ಟದ್ದು ಅಡ್ರಿನಲಿನ್ ಅಂತೆ, ಅದರಿಂದಲೇ ಬಚಾವು ಎಂದು ಅಲ್ಲಿಯ ನರ್ಸ್ ಹೇಳಿದರು. ನಾನು ಯಾವ ಇಂಜೆಕ್ಷನ್ನಿಗೆ ಹೆದರಿ ಓಡಿ ಬಂದಿದ್ದೆನೋ ಅದೇ ಅವಳನ್ನು ಉಳಿಸಿತ್ತು.

ಕನ್ನಡಕ ಹಾಕಿದ ಡಾಕ್ಟರ್ ಮೇಡಂ ಒಬ್ಬರು ಬಂದು ಕೇಳಿದರು, “ಇವರಿಗೆ ಮೊದಲು ಯಾವುದಾದರೂ ಮದ್ದಿನ ಅಲರ್ಜಿ ಆದದ್ದುಂಟಾ?”

“ಇಲ್ಲ ಮೇಡಂ,” ಎಂದೆ. “ಇಂಜೆಕ್ಷನ್ ಒಂದು ಆಗುವುದಿಲ್ಲ.”

ಅವರು ಬರೆಯುವುದನ್ನು ನಿಲ್ಲಿಸಿದರು. “ಯಾವ ಇಂಜೆಕ್ಷನ್?”

ಯಾವ ಇಂಜೆಕ್ಷನ್ ಎಂದರೆ? ನಮ್ಮ ಮನೆ ಅಜೆಕಾರಿನಲ್ಲಿದ್ದಾಗ, ಅಕ್ಕ ಇನ್ನೂ ಲಂಗ ಹಾಕುತ್ತಿದ್ದ ಕಾಲ. ಜ್ವರಕ್ಕೆ ಕಾರ್ಕಳದಲ್ಲಿ ಒಂದು ಸೂಜಿ ಚುಚ್ಚಿದರು, ಮೈಯೆಲ್ಲ ದದ್ದು ಎದ್ದಿತು, ಅಮ್ಮ ಹರಕೆ ಹೇಳಿಕೊಂಡರು. ಅಂದಿನಿಂದ ‘ವಿಮಲನಿಗೆ ಇಂಜೆಕ್ಷನ್ ಆಗುವುದಿಲ್ಲ’ ಎಂಬುದು ನಮ್ಮ ಮನೆಯ ಕಾನೂನು. ಮಾತ್ರೆ ಆಗುತ್ತದೆ ಎಂದು ಅದರ ಅರ್ಥ. ಅಕ್ಕ ಧೈರ್ಯವಾಗಿ ನುಂಗಿದ್ದು ಅದಕ್ಕೇ.

“ಅಲ್ಲ ಸರ್,” ಎಂದರು ಮೇಡಂ, “ನೀವೆಲ್ಲ ಸೂಜಿಯನ್ನು ನೆನಪಿಟ್ಟುಕೊಂಡು ಮದ್ದನ್ನು ಮರೆತಿದ್ದೀರಿ. ಅದು ಪೆನ್ಸಿಲಿನ್ ಇರಬಹುದು. ಅದೇ ಜಾತಿಯ ಮದ್ದು ಮಾತ್ರೆಯಾಗಿಯೂ ಬರುತ್ತದೆ. ಸೂಜಿಯಲ್ಲಿ ಹೋದರೂ ಬಾಯಲ್ಲಿ ಹೋದರೂ ಮೈಗೆ ಎರಡೂ ಒಂದೇ. ಈಗ ತಿಂದದ್ದು ಯಾವ ಮಾತ್ರೆ? ಹೆಸರು ಹೇಳಿ.”

ಲಿಲ್ಲಿ ಬಾಯಿ ಬ್ಯಾಗಿನಿಂದ ಆ ಬೆಳ್ಳಿ ಬಣ್ಣದ ತುಂಡನ್ನು ತೆಗೆದು ಕೊಟ್ಟರು. ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಅಕ್ಷರ ಇಲ್ಲ.

“ಗಂಟಲಿನ ಮಾತ್ರೆ ಮೇಡಂ,” ಎಂದರು ಲಿಲ್ಲಿ ಬಾಯಿ, ಸಣ್ಣ ಸ್ವರದಲ್ಲಿ. “ಬಿಳಿ. ಉದ್ದಕ್ಕೆ ಇತ್ತು.”

ಅಲರ್ಜಿ ಇಳಿದರೆ ಮುಗಿಯಿತಲ್ಲ, ಹೆಸರು ಕಟ್ಟಿಕೊಂಡು ಏನಾಗಬೇಕು ಎಂದು ನಾನು ಅಂದುಕೊಂಡದ್ದು. ಮುಗಿದಿರಲಿಲ್ಲ. ಹಲ್ಲಿನ ಬುಡದಲ್ಲಿ ಕೀವು ಹಾಗೆಯೇ ಇತ್ತು. ದವಡೆಯ ಕೆಳಗೆ ಬಾವು ಗಟ್ಟಿಯಾಗಿತ್ತು, ಜ್ವರ ಏರುತ್ತಿತ್ತು. ಅದು ಕುತ್ತಿಗೆಗೆ ಇಳಿದರೆ ಮತ್ತೆ ಉಸಿರಿಗೇ ತೊಂದರೆ ಅಂತೆ. ಕೀವು ತೆಗೆಯಲು ಹಲ್ಲಿನ ವಿಭಾಗದವರು ಬರುತ್ತಾರೆ, ಆದರೆ ಆ್ಯಂಟಿಬಯಾಟಿಕ್ ಕೊಡಲೇಬೇಕು. ಯಾವುದು ಕೊಡುವುದು? ಅವಳನ್ನು ಮಲಗಿಸಿದ ಮದ್ದಿನ ಜಾತಿಯದ್ದೇ ಆಗಿಬಿಟ್ಟರೆ?

“ಸ್ವಲ್ಪ ಹೊತ್ತು ಕಾಯುತ್ತೇನೆ. ಹೆಸರು ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ನಾವು ಎಲ್ಲ ಕಡೆ ಹೆದರಿ ಹೆದರಿ ನಡೆಯಬೇಕಾಗುತ್ತದೆ,” ಎಂದರು ಮೇಡಂ.

ಲಿಲ್ಲಿ ಬಾಯಿ ದೋಹಾಕ್ಕೆ ಫೋನ್ ಹಚ್ಚಿದರು. ವಿನ್ಸೆಂಟ್ ಡ್ಯೂಟಿಯಲ್ಲಿದ್ದರು, ಅಲ್ಲಿ ಮೊಬೈಲ್ ಒಳಗೆ ಒಯ್ಯುವ ಹಾಗಿಲ್ಲ. ಉಳಿದ ತುಂಡುಗಳು ಎಲ್ಲಿ? ಒಂದು ಲಿಲ್ಲಿ ಬಾಯಿಯ ಕಾರ್ಕಳದ ತವರುಮನೆಯಲ್ಲಿ. ಅಲ್ಲಿಯವರು ಕಸದ ಬುಟ್ಟಿಯನ್ನೇ ಸುರಿದು ನೋಡಿ, ಇಲ್ಲ ಎಂದರು. ಇನ್ನೊಂದು ಗಿರಿಜಕ್ಕನ ಹತ್ತಿರ. ಗಿರಿಜಕ್ಕ ಹೆಜಮಾಡಿಯಿಂದ ಇನ್ನಂಜೆಗೆ ಮನೆಮನೆಗೆ ಮೀನು ತರುವವರು. ಅವರಿಗೂ ಪ್ರತಿ ಸಲ ಪಾಲು ಉಂಟು. ಅವರ ಫೋನು ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ.

ಆ ಹೊತ್ತಿನಲ್ಲಿ ನಾನು ಮೇಡಂ ಹಿಂದೆ ಮುಂದೆ ಸುತ್ತಿ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಅವರಿಗೆ ತಾಳ್ಮೆ ಇತ್ತು. ಅಥವಾ ನನ್ನನ್ನು ಸುಮ್ಮನಿರಿಸಲು ಬೇರೆ ದಾರಿ ಇರಲಿಲ್ಲ.

ಬ್ಯಾಕ್ಟೀರಿಯಾಕ್ಕೆ ಹೊರಗೆ ಒಂದು ಗೋಡೆ ಇರುತ್ತದಂತೆ. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಕುಟುಂಬದವು ಆ ಗೋಡೆ ಕಟ್ಟಲು ಬಿಡುವುದಿಲ್ಲ. ಗೋಡೆಯಿಲ್ಲದ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ. ಹಾಗಾಗಿ ಹೆಚ್ಚಿನವರಿಗೆ, ಸ್ವಲ್ಪ ಭೇದಿಯಾಗುವುದು ಬಿಟ್ಟರೆ, ಒಳ್ಳೆಯ ಮದ್ದು. ಗಂಟಲು, ಕಿವಿ, ಹಲ್ಲು ಎಲ್ಲದಕ್ಕೂ ನಡೆಯುತ್ತದೆ. ಅಲರ್ಜಿ ಇರುವ ಕೆಲವರಿಗೆ ಮಾತ್ರ ಯಮ. ಸೆಫಲೋಸ್ಪೊರಿನ್ ಎಂಬವು ಅದರ ದಾಯಾದಿಗಳು, ಕೆಲಸವೂ ಅದೇ ಗೋಡೆಯ ಮೇಲೆ. ಪೆನ್ಸಿಲಿನ್ ಆಗದ ಹಲವರಿಗೆ ಇವು ಆಗುತ್ತವೆ, ಆದರೆ ಇಷ್ಟು ಜೋರಾಗಿ ಮೈ ಕೆಟ್ಟವರಿಗೆ ಕೊಡುವಾಗ ಯೋಚಿಸಬೇಕು.

“ಹಾಗಾದರೆ ಬೇರೆ ಜಾತಿಯದ್ದು ಕೊಡಿ ಮೇಡಂ.”

“ಯಾವುದು ಕೊಡಲಿ, ನೀವೇ ಹೇಳಿ,” ಎಂದು ನಕ್ಕರು.

ಅಜಿತ್ರೊಮೈಸಿನ್ ನನಗೆ ಗೊತ್ತಿತ್ತು. ಕೊರೊನಾ ಕಾಲದಲ್ಲಿ ಅದನ್ನು ಚಕ್ಕುಲಿಯ ಹಾಗೆ ತಿಂದವರಲ್ಲಿ ನಾನೂ ಒಬ್ಬ. (ವೈರಸ್ಸಿಗೆ ಆ್ಯಂಟಿಬಯಾಟಿಕ್ ತಾಗುವುದೇ ಇಲ್ಲ ಎಂದು ಈಗ ಗೊತ್ತಾಯಿತು.) ಅದು ಬ್ಯಾಕ್ಟೀರಿಯಾ ತನಗೆ ಬೇಕಾದ ಪ್ರೋಟೀನ್ ತಯಾರಿಸಿಕೊಳ್ಳದಂತೆ ತಡೆಯುತ್ತದೆ. ಕೆಲವರಲ್ಲಿ ಹೃದಯದ ಬಡಿತದ ತಾಳ ತಪ್ಪಿಸುವುದೂ ಉಂಟಂತೆ. ನನ್ನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಡಾಕ್ಸಿಸೈಕ್ಲಿನ್ ಮಾಡುವುದೂ ಪ್ರೋಟೀನ್ ತಡೆಯುವ ಅದೇ ಕೆಲಸ. ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೆ ಇಲಿಜ್ವರ ಬಂದರೆ ಕೊಡುವುದು ಅದನ್ನೇ. ಆದರೆ ತುಂಬ ನೀರು ಕುಡಿಯದೆ ನುಂಗಿ ಮಲಗಿದರೆ ಅನ್ನನಾಳ ಸುಡುತ್ತದೆ, ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಹುಟ್ಟುವ ಮಗುವಿನ ಹಲ್ಲಿಗೆ ಕಲೆ ಕೂರುತ್ತದೆ.

ಇನ್ನು ಸಿಪ್ರೊಫ್ಲಾಕ್ಸಸಿನ್. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ನಕಲು ಮಾಡದಂತೆ ಕೈ ಕಟ್ಟಿಹಾಕುವ ಮದ್ದು. ಮೂತ್ರದ ಸೋಂಕಿಗೆ ಕೊಡುತ್ತಾರೆ. ಅಪರೂಪಕ್ಕೆ ಹಿಮ್ಮಡಿಯ ಸ್ನಾಯುರಜ್ಜು ಹರಿಯುವುದುಂಟು, ಶುಗರ್ ಇದ್ದವರಲ್ಲಿ ಶುಗರ್ ಏರಿಳಿಯುವುದುಂಟು. ಅಮಿಕಾಸಿನ್ ಜಾತಿಯವು ಬಹಳ ಗಟ್ಟಿ, ಆದರೆ ಕಿಡ್ನಿ, ಕಿವಿ ಎರಡನ್ನೂ ಕಾಯುತ್ತಾ ಕೊಡಬೇಕು. ಮೆಟ್ರೊನಿಡಜೋಲ್ ಹಲ್ಲಿನ ಬುಡದಂಥ ಗಾಳಿಯಾಡದ ಜಾಗದ ಬ್ಯಾಕ್ಟೀರಿಯಾಕ್ಕೆ. ಬಾಯಿ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ, ಜೊತೆಗೆ ಮದ್ಯ ಮುಟ್ಟಬಾರದು.

ಒಂದೊಂದು ಹೆಸರು ಕೇಳುವಾಗಲೂ ಅಕ್ಕನ ಒಂದೊಂದು ಅಂಗದ ಮೇಲೆ ನನಗೆ ಭಯ ಹತ್ತಿತು. ಕಿಡ್ನಿ ಹೇಗಿದೆಯೋ, ಕಿವಿ ಹೇಗಿದೆಯೋ. ಇಷ್ಟು ದಿನ ಆ್ಯಂಟಿಬಯಾಟಿಕ್ ಎಂದರೆ ನನ್ನ ಮಟ್ಟಿಗೆ ‘ಪವರ್ ಇರುವ ಮಾತ್ರೆ’, ಅಷ್ಟೇ. ಮೆಡಿಕಲ್ ಶಾಪಿನಲ್ಲಿ ಹಾಗೆಯೇ ಅಲ್ವಾ ನಾವು ಕೇಳುವುದು?

ಲಿಲ್ಲಿ ಬಾಯಿಯ ಮೇಲೆ ಸಿಟ್ಟು ಬಂತು. ತಿರುಗಿ ನೋಡಿದರೆ ಅವರು ಬೆಂಚಿನ ಮೇಲೆ ಜಪಸರ ಹಿಡಿದು ಕೂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಕ್ಕನನ್ನು ಎತ್ತಿ ಆಟೋಕ್ಕೆ ಹಾಕುವ ಗಡಿಬಿಡಿಯಲ್ಲಿ ಹಾಗೆಯೇ ಬಂದಿದ್ದರು. ಅವರು ಇರದಿದ್ದರೆ ಅಕ್ಕ ಅಡುಗೆಮನೆಯ ನೆಲದಲ್ಲೇ ಇರುತ್ತಿದ್ದಳು.

ಅಷ್ಟರಲ್ಲಿ ಗಿರಿಜಕ್ಕ ತಾವಾಗಿಯೇ ಫೋನ್ ಮಾಡಿದರು. ಮಾತ್ರೆ ಸೊಂಟದ ಚೀಲದಲ್ಲೇ ಉಂಟಂತೆ. ಫೋಟೋ ತೆಗೆದು ಕಳಿಸಿ ಎಂದೆ. ಬಂತು. ಮೀನು ಮುಟ್ಟಿ ಒದ್ದೆಯಾದ ಹೆಬ್ಬೆರಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ಇನ್ನೊಮ್ಮೆ ಎಂದೆ. ಎರಡನೆಯದು ಅಲ್ಲಾಡಿತ್ತು. ನನಗೆ ಅಳು ಬರುವುದೊಂದು ಬಾಕಿ. ಮತ್ತೆ ಬಂದದ್ದು ಸರಿಯಾಗಿತ್ತು. ಮೇಡಂ ಮೊಬೈಲನ್ನು ನನ್ನ ಕೈಯಿಂದ ಕಸಿದುಕೊಂಡೇ ಓದಿದರು.

ಅಮಾಕ್ಸಿಸಿಲಿನ್, ಜೊತೆಗೆ ಕ್ಲಾವುಲನಿಕ್ ಆ್ಯಸಿಡ್. ಪೆನ್ಸಿಲಿನ್ ಕುಟುಂಬವೇ.

“ಸರಿ, ಇನ್ನು ದಾರಿ ಕಾಣುತ್ತದೆ,” ಎಂದರು. ಕ್ಲಿಂಡಮೈಸಿನ್ ಎಂಬುದನ್ನು ಡ್ರಿಪ್ಪಿನಲ್ಲಿ ಶುರು ಮಾಡಿದರು. ಗೋಡೆಯ ತಂಟೆಗೆ ಹೋಗದ ಜಾತಿ ಅದು. ಅದಕ್ಕೂ ತನ್ನದೇ ಕಾಟ ಉಂಟು. ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಗುಡಿಸಿ ಹಾಕುವ ಕಾರಣ ಜೋರು ಭೇದಿ ಶುರುವಾದರೆ ಕೂಡಲೇ ಹೇಳಬೇಕು. ಕೀವು ತೆಗೆದರು, ಹಲ್ಲು ಕಿತ್ತರು. ಮರುದಿನ ಕಾರ್ಕಳದಲ್ಲಿ ಮದುವೆ ಸುಸೂತ್ರವಾಗಿ ಆಯಿತಂತೆ. ರಾತ್ರಿ ನನ್ನ ಮೆಸೇಜ್ ನೋಡಿ ಓಡಿ ಬಂದ ಭಾವ ಧಾರೆಗೂ ನಿಲ್ಲದೆ ಆಸ್ಪತ್ರೆಯಲ್ಲೇ ಇದ್ದರು. ಅಕ್ಕ ಕಣ್ಣು ಬಿಟ್ಟು ಅವರನ್ನು ಕೇಳಿದ ಮೊದಲ ಮಾತು, “ನೀವು ಎಂತಕ್ಕೆ ಮದುವೆ ಬಿಟ್ಟು ಬಂದದ್ದು?”

ಅವಳಿಗೆ ಬೈಯುವಷ್ಟು ಉಸಿರು ಬಂದದ್ದು ನೋಡಿ ನಾನು ಹೊರಗೆ ಹೋಗಿ ಅತ್ತೆ.

ಈಗ ಅಕ್ಕನ ಪರ್ಸಿನಲ್ಲಿ ‘ಪೆನ್ಸಿಲಿನ್ ಆಗುವುದಿಲ್ಲ’ ಎಂದು ಮೇಡಂ ಬರೆದುಕೊಟ್ಟ ಕಾರ್ಡು ಇದೆ. ಮಾತ್ರೆಯನ್ನು ಹೇಳಿದಷ್ಟು ದಿನ ತಿನ್ನಬೇಕು, ಒಬ್ಬರದ್ದು ಇನ್ನೊಬ್ಬರು ತಿನ್ನಬಾರದು, ಅರ್ಧಂಬರ್ಧ ತಿಂದರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ ಎಂದೆಲ್ಲ ಅವರು ಲಿಲ್ಲಿ ಬಾಯಿಯನ್ನು ಎದುರಿಗೆ ಕೂರಿಸಿ ಹೇಳಿದರು. ಲಿಲ್ಲಿ ಬಾಯಿ ತಲೆಯಾಡಿಸಿದರು. ಕಾರ್ಕಳದ ತವರಿಗೆ ಅಲ್ಲಿಂದಲೇ ಫೋನ್ ಮಾಡಿ ಎಚ್ಚರಿಸಿದರು. ಗಿರಿಜಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನಿನ್ನೆ ಬೆಳಿಗ್ಗೆ ಮಾತಾಡಿದೆ. (ಮಾತು ನಡೆದದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಅಕ್ಕ ಹುಷಾರಾದಳು, ನಿಮ್ಮಿಂದ ದೊಡ್ಡ ಉಪಕಾರ ಆಯಿತು, ಉಳಿದ ಮಾತ್ರೆ ಬಿಸಾಡಿಬಿಡಿ ಎಂದೆ.

“ಅದು ಮುಗಿಯಿತಲ್ಲ ಅಣ್ಣ. ನಮ್ಮ ಮೈದುನ ಬೋಟಿನ ತಂಡೇಲ ಅಲ್ವಾ, ಅವನಿಗೆ ಜ್ವರ ಇತ್ತು. ತಂಡೇಲನೇ ಮಲಗಿದರೆ ಬೋಟು ನಡೆಸುವುದು ಯಾರು? ಮಾತ್ರೆ ಅವನಿಗೆ ಕೊಟ್ಟೆ. ಇವತ್ತು ನಸುಕಿಗೇ ಮಲ್ಪೆಯಿಂದ ಹೊರಟರು. ಆಳಸಮುದ್ರಕ್ಕೆ.”

“ಫೋನ್ ಹಚ್ಚಿ ಗಿರಿಜಕ್ಕ, ತಿನ್ನಬೇಡ ಎಂದು ಹೇಳಿ.”

“ಈಗ ಎಲ್ಲಿ ಸಿಗುತ್ತದೆ ಅಣ್ಣ, ರೇಂಜ್ ದಾಟಿ ಆಯಿತು.”

“ಕೊಡುವ ಮೊದಲು ಅವರ ಹತ್ತಿರ ಏನಾದರೂ ಕೇಳಿದ್ದೀರಾ?”

“ಕೇಳದೆ ಕೊಡುತ್ತೇನಾ ಅಣ್ಣ? ಊಟ ಆಗಿದೆಯಾ ಎಂದು ಕೇಳಿಯೇ ಕೊಟ್ಟದ್ದು.”